ಕೆರೆಯ ತಳ ಅಳೆಯಲು ಬಂದ ದೋಣಿ

ಮೂರೇ ಅಡಿ ಅಂತ ಮಿಷಿನ್ ಹೇಳಿತು. ಅಲ್ಲಿ ಆಳು ಮುಳುಗುತ್ತಾನೆ ಅಂತ ನನಗೆ ಗೊತ್ತಿತ್ತು.

ಹೋದ ವಾರದ ಮಾತು. ನಮ್ಮೂರ ಕೆರೆಯ ತಳದ ನಕ್ಷೆ ತೆಗೆಯಲು ಕೊಟ್ಟೂರಿನಿಂದ ಒಂದು ಹುಡುಗಿ ಬಂದಿದ್ದಳು. ಹೆಸರು ನಸ್ರೀನ್. ಅಪ್ಪನದು ಅಲ್ಲಿ ಮೋಟಾರು ರಿಪೇರಿ ಅಂಗಡಿಯಂತೆ. ತೊಟ್ಟಿಲಿನಷ್ಟು ದೋಣಿ, ಅದರಲ್ಲಿ ಆಳಿಲ್ಲ. ದಂಡೆಯಲ್ಲಿ ನಿಂತು ರಿಮೋಟ್ ಒತ್ತಿದರೆ ನೇಗಿಲು ಹೊಡೆದ ಹಾಗೆ ಸಾಲು ಹಿಡಿದು ಹೋಗುತ್ತದೆ. ನಮ್ಮ ಕಿವಿಗೆ ಕೇಳದ ಸದ್ದೊಂದನ್ನು ನೀರಿಗೆ ಬಿಡುತ್ತದೆ. ಅದು ತಳಕ್ಕೆ ಬಡಿದು ತಿರುಗಿ ಬಂದರೆ ಆಳ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಆಳ ಇದ್ದಲ್ಲಿ ನೀಲಿ, ಇಲ್ಲದಲ್ಲಿ ಕೆಂಪು. (ನಾನು ಓದಿದ್ದು ಮೂರನೇ ಕ್ಲಾಸು. ಬಣ್ಣ ಓದಲು ಅಷ್ಟು ಸಾಕು.)

ಬೇವಿನ ಕೆಳಗೆ ಕೂತ ಗಂಡಸರು ಸುಮ್ಮನಿರುತ್ತಾರೆಯೇ?

“ಏನವ್ವಾ, ಆಟದ ಸಾಮಾನು ತಂದೀಯೇನು?”

“ಹೌದ್ರಿ ಕಾಕಾ. ನಿಮ್ಮನ್ನೂ ಕುಂದ್ರಸ್ತಿದ್ದೆ, ದೋಣಿ ಮುಳುಗತೈತಿ!”

ಕೌದಿ ಒಗೆಯುತ್ತಿದ್ದ ನಾನೂ ನಕ್ಕೆ. ಮಧ್ಯಾಹ್ನ ಆಯಿತು. ಆಗ ಕೇಳಿದೆ, “ಇದರಿಂದ ಏನಾಗತೈತವ್ವಾ?”

“ಹೂಳು ಎಷ್ಟೈತಿ ತಿಳೀತೈತಿ ಅಜ್ಜಿ. ಮತ್ತ ಬಟ್ಟಿ ಒಗಿಯಾಕ ಮೆಟ್ಟಲಾ ಕಟ್ಟೋರದಾರ. ಇಲ್ನೋಡ್ರಿ, ದಾರಿ ಮಗ್ಗಲದಾಗ ಮೂರಡಿ ಅಷ್ಟ. ಇಲ್ಲೇ ಕಟ್ಟಬೌದು.”

ಬೆರಳಿಟ್ಟದ್ದು ಸರಿಯಾಗಿ ಆ ಆಳು ಮುಳುಗುವ ಗುಂಡಿಯ ಮೇಲೆ!

“ಅಲ್ಲಿ ಬ್ಯಾಡ. ನಿನ್ನ ಮಿಷಿನ್ ಸುಳ್ಳು ಹೇಳತೈತಿ” ಅಂದೆ.

ಓದಿದವರಿಗೆ ಹೀಗಂದರೆ ಸಿಟ್ಟು ಬರುತ್ತದೆ. ಇವಳಿಗೆ ಬರಲಿಲ್ಲ. “ತೋರಸ್ರಿ” ಅಂದಳು. ಉದ್ದನೆಯ ಬಿದಿರಿನ ಗಳ ತರಿಸಿ ಇಳಿಸಿದೆವು. ಮೂರಡಿಗೆ ಕೆಸರು ಸಿಕ್ಕಿತು. ಒತ್ತಿದರೆ ಅಂಬಲಿಯಲ್ಲಿ ಸವುಟು ಇಳಿದ ಹಾಗೆ ಇಳಿಯಿತು. ಅವಳ ಎತ್ತರದ ಎರಡರಷ್ಟಿದ್ದ ಗಳ ಗೇಣಷ್ಟೇ ಹೊರಗುಳಿಯಿತು.

ಹುಡುಗಿ ಗಳಕ್ಕೆ ಮೆತ್ತಿದ ಕೆಸರು ಮುಟ್ಟಿ ನೋಡಿದಳು. “ಸದ್ದು ಕೆಸರಿನ ಮ್ಯಾಲಿಂದಾನ ತಿರುಗಿ ಬಂದೈತಿ ಅಜ್ಜಿ. ನಾನು ದಂಡಿಗುಂಟ ಗಳ ಇಳಿಸಿ ನೋಡಬೇಕಿತ್ತು. ನಂದ ತಪ್ಪು.”

ಅಲ್ಲೇ ನಿಂತು ತನ್ನ ಆಫೀಸಿಗೆ ಫೋನ್ ಮಾಡಿದಳು. ಆ ಕಡೆಯವರು ಒದರಿದ್ದು ನನಗೂ ಕೇಳಿಸಿತು. ಇವಳು ಮಾತ್ರ, “ಇಲ್ಲ ಸರ್, ನಕ್ಷೆ ಹಿಂಗ ಕೊಡಾಕಾಗಲ್ಲ. ಇನ್ನೆರಡು ದಿನ ಬೇಕು” ಅಂತ ಮತ್ತೆ ಮತ್ತೆ ಅದನ್ನೇ ಹೇಳಿದಳು.

ಫೋನ್ ಇಟ್ಟು ಕೇಳಿದಳು, “ಈ ಗುಂಡಿ ಹೆಂಗಾತ್ರಿ?”

ಬೇವಿನ ಕೆಳಗಿನವರಲ್ಲಿ ಒಬ್ಬ ಮೆಲ್ಲಗೆ ಅಂದ, “ಸುಮ್ಕಿರಬೇ ಅಜ್ಜಿ, ಮಣ್ಣು ತೋಡಿದೋರ ಹೆಸರು ಬರಕೊಂತಾರ.”

ಬರಕೊಳ್ಳಲಿ! ಮಳೆಗಾಲದಲ್ಲಿ ಮಣ್ಣಿನ ಮಾಳಿಗೆ ಸೋರಬಾರದು ಅಂತ ಬೇಸಿಗೆಯಲ್ಲಿ ಕೆರೆ ಮಣ್ಣು ತಂದು ಮೇಲೆ ಹಾಕುವುದು ಆಗ ನಮ್ಮ ರೂಢಿ. ಕೆರೆ ಇಷ್ಟಗಲ ಒಣಗಿ ಬಿದ್ದಿದ್ದರೂ ವರ್ಷಾ ವರ್ಷಾ ತೋಡಿದ್ದು ದಾರಿ ಪಕ್ಕದ ಅದೇ ಜಾಗ. ಮಣ್ಣಿನ ಪುಟ್ಟಿ ದೂರ ಹೊತ್ತರೆ ನೋಯುವ ತಲೆ ನಮ್ಮದಲ್ಲವೇ? ಈಗ ಎಲ್ಲರದೂ ಆರ್‌ಸಿಸಿ ಮನೆ. ಮಾಳಿಗೆ ಹೋದವು, ಗುಂಡಿ ಉಳಿಯಿತು. ಅದರ ತುಂಬ ತೆಳ್ಳನೆ ಕೆಸರು.

“ಬರಕೋ ಮಗಳೇ,” ಅಂದೆ, “ನಾವ ತೋಡಿದ್ವಿ. ಮೊದಲು ನನ್ನ ಹೆಸರು ಬರಿ.”

ಆಮೇಲೆ ಎರಡು ದಿನ ಅವಳು ಗಳ ಹಿಡಿದು ದಂಡೆ ಸುತ್ತಿದಳು. ಮೆಟ್ಟಿಲು ಇನ್ನು ಗಟ್ಟಿ ನೆಲ ಇದ್ದ ಕಡೆ ಬರುತ್ತವೆ.

ಕೆಸರಿನ ಕೆಳಗೆ ಏನಿದೆ ಅಂತ ಮಿಷಿನ್‌ಗೆ ಗೊತ್ತಿರಲಿಲ್ಲ, ಒಪ್ಪಿದೆ. ಗೊತ್ತಿದ್ದ ನಾವು ಬೆಳಗಿನಿಂದ ಗುಂಡಿಯ ಬಗ್ಗೆ ಬಾಯಿ ಬಿಡದೆ ಕೂತಿದ್ದೆವಲ್ಲ, ನಮ್ಮನ್ನು ಯಾವ ಗಳ ಇಳಿಸಿ ಅಳೆಯಬೇಕು?