ಸರಿಸಿ ನೋಡಿದ ಹಾಳೆ

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವಾಗಲೋ ಬಸ್ಸಿನ ಬಾಗಿಲಿಗೆ ಸಿಕ್ಕಿ ಆದದ್ದಂತೆ. ಹಂಗಳದಿಂದ ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರ, ಹೀಗೆ ಎರಡು ಬಸ್ಸು ಹಿಡಿದು ಕಾಲೇಜಿಗೆ ಬಂದು ನಮಗೆ ಭೌತಶಾಸ್ತ್ರ ಹೇಳುತ್ತಿದ್ದರು. ಅವರದು ನಕ್ಷತ್ರದ ಮೇಲೆ ಸಂಶೋಧನೆ ಎಂದು ಗೊತ್ತಾದ ಮೇಲೆ ಬಸ್ಸಿನವರು ಸುಮ್ಮನೆ ಬಿಡುತ್ತಾರೆಯೇ?

"ಸಾ, ಈ ಸಲ ಆರಿದ್ರಾ ಮಳೆ ಉಯ್ತದಾ?"

"ನನ್ನ ನಕ್ಷತ್ರ ಮಳೆ ಉಯ್ಯಾಕಿಲ್ಲ ಕಣ್ಲಾ. ಅವು ಮುದಿಯಾಗವೆ."

ಅದು ತಮಾಷೆಯಲ್ಲ. ಅವರು ಹಿಡಿದದ್ದು ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಪ್ಪಾದ ತಾರೆಗಳ ಗುಂಪು. ವಯಸ್ಸಾದಂತೆ ತಾರೆ ಬುಗುರಿಯಂತೆ ತಿರುಗುವುದು ನಿಧಾನವಾಗಿ ಅದು ಹೊಮ್ಮಿಸುವ ಎಕ್ಸ್‌ರೇ ಕುಗ್ಗಬೇಕು. ಆದರೆ ಈ ಗುಂಪಿನಲ್ಲಿ ಅಲ್ಲಲ್ಲಿ ಜೋರಾಗಿಯೇ ಇತ್ತು. ಹತ್ತಿರ ಹತ್ತಿರ ಸುತ್ತುವ ಜೋಡಿ ತಾರೆಗಳು ಒಂದನ್ನೊಂದು ವೇಗವಾಗಿ ತಿರುಗಿಸುತ್ತಿವೆ, ಎಕ್ಸ್‌ರೇ ಅವುಗಳದ್ದೇ ಎಂಬುದು ಅವರ ವಾದ. ಅದಕ್ಕೆ ಪ್ರಾಯವನ್ನೆಲ್ಲ ಸುರಿದಿದ್ದರು.

ಉಪಗ್ರಹ ಕಂಡ ಎಕ್ಸ್‌ರೇ ಚುಕ್ಕೆಗಳು ಒಂದು ಪಾರದರ್ಶಕ ಹಾಳೆಯಲ್ಲಿ, ಜೋಡಿ ತಾರೆಗಳು ಇನ್ನೊಂದರಲ್ಲಿ. ಎರಡನ್ನೂ ಕಿಟಕಿಗೆ ಒತ್ತಿ, ಚುಕ್ಕೆಗಳು ತಾರೆಗಳ ಮೇಲೆ ಕೂರುವಂತೆ ಹೊಂದಿಸಿ, ಆಮೇಲೆ ಮೇಲಿನದನ್ನು ಆ ಸೀಳುಗುರಿನಿಂದ ಚೂರು ತಳ್ಳುವರು. ಕಂಪ್ಯೂಟರಿದೆಯಲ್ಲ ಸಾರ್ ಎಂದು ನಾನು ಎಷ್ಟು ಕಾಡಿಸಿದರೂ ಕೇಳುತ್ತಿರಲಿಲ್ಲ.

"ದಿಟವಾದ್ರೆ ಸರಿಸಿದ್ ತಕ್ಷಣ ತಪ್ಪೋಯ್ತದೆ ಕಣಮ್ಮಿ. ಸರಿಸಿದ್ ಮೇಲೂ ಕೂತ್ಕತವೆ ಅಂದ್ರೆ ಮೊದ್ಲು ಕೂತಿದ್ದೂ ಸುಮ್ನೆಯ."

ಮೇಷ್ಟ್ರಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ಹಾಸಿಗೆ ಹಿಡಿಯುವ ಮುಂಚೆ ಲೇಖನ ಬರೆದು ವಿದೇಶದ ಪತ್ರಿಕೆಗೆ ಕಳಿಸಿದ್ದರು. ಆಗ ನಾನು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಪತ್ರಿಕೆಯ ಪರೀಕ್ಷಕರ ಇಮೇಲ್ ಬಂದಾಗ ನನ್ನೂರು ಬೇಗೂರಿನಿಂದ ಅದನ್ನು ಹಂಗಳಕ್ಕೆ ಒಯ್ದು ಓದಿ ಹೇಳಿದೆ. ಹಾಳೆಯನ್ನು ಯಾವ ಕಡೆ ಸರಿಸಿದಿರಿ ಎಂದು ಕೇಳಿದ್ದರು, ಅಷ್ಟೇ.

ಮೇಷ್ಟ್ರು ಆ ಎರಡು ಹಾಳೆ ತೆಗೆಸಿದರು. ಅವರು ಪ್ರತಿ ಸಲ ಸರಿಸಿದ್ದು ಹೊರಕ್ಕೆ, ಗುಂಪಿನ ಅಂಚಿಗೆ. ಅಲ್ಲಿ ತಾರೆಗಳೇ ವಿರಳ, ಚುಕ್ಕೆ ತಪ್ಪದೆ ಏನಾದೀತು?

"ಒಳಕ್ಕೆ ಸರ್ಸಮ್ಮಿ," ಎಂದರು.

ಕಿಟಕಿಗೆ ಹಿಡಿದು ಸರಿಸಿದೆ. ಚುಕ್ಕೆಗಳು ಹೋಗಿ ಬೇರೆ ತಾರೆಗಳ ಮೇಲೆ ಆರಾಮಾಗಿ ಕೂತವು. ಪ್ರಶ್ನೆ ಕೇಳಿದವನ ಬಾಯಿಗೆ ಮಣ್ಣು ಹಾಕ ಎಂದು ಮನಸ್ಸಿನಲ್ಲೇ ಬೈದೆ.

"ವಾದ ಸುಳ್ಳಾಗಲಿಲ್ಲವಲ್ಲ ಸಾರ್. ಇದ್ದ ಹಂಗೇ ಇರ್ಲಿ ಬುಡಿ."

"ಸುಳ್ಳಾಗ್ನಿಲ್ಲ. ದಿಟವೂ ಆಗ್ನಿಲ್ಲ. ವಾಪಸ್ ತಕ್ಕಬುಡು," ಎಂದು ಗೋಡೆ ಕಡೆ ತಿರುಗಿದರು. ಮತ್ತೆ ಮೊದಲಿನಿಂದ ಮಾಡಲು ಅವರಲ್ಲಿ ದಿನ ಉಳಿದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಲೇಖನವನ್ನು ವಾಪಸ್ ಪಡೆದೆ. ಅವರೆಕಾಯಿ ಬರುವ ಮುಂಚೆ ಅವರು ಹೋದರು.

ತಿಥಿಯ ದಿನ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದರು.

"ನಿಮ್ಮ ಮೇಷ್ಟ್ರು ಅಷ್ಟು ವರ್ಸ ಉಡುಕಿದ್ದು ಸಿಕ್ತೇನಮ್ಮಿ?"

ಸಿಕ್ಕಿತು ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಬಾಯಿ ಬರಲಿಲ್ಲ. ಮೇಷ್ಟ್ರು ನನಗೆ ಕಲಿಸಿದ್ದೇ ಹಾಗೆ.

"ಇಲ್ಲ ಅಕ್ಕ, ಸಿಗ್ನಿಲ್ಲ."

ಅವರು ತಲೆಯಾಡಿಸಿದರು.

"ಅವ್ರೂ ಅಂಗೇ ಅಂದ್ರು. ನೀನಾರ ಸಿಕ್ತು ಅಂತೀಯೇನೋ ಅನ್ಕಂಡು ಕೇಳ್ದೆ ಕಣಮ್ಮಿ."