ಬಂಗಾರಮ್ಮನ ಎಲೆ

ಆನಂದಪುರದ ಸುಚಿತ್ರಾಗೆ ಹೆತ್ತ ತಾಯಿಯ ಹೆಸರೇ ಗೊತ್ತಿರಲಿಲ್ಲ ಅಂದರೆ ನಂಬುತ್ತೀರಾ? ಹೆರಿಗೆಗೆಂದು ಸಾಗರದ ಆಸ್ಪತ್ರೆಗೆ ಹೊರಟವಳು ಜೀಪಿನಲ್ಲೇ ಇವಳನ್ನು ಹೆತ್ತು, ದಾರಿಯಲ್ಲೇ ಕಣ್ಣು ಮುಚ್ಚಿದಳು. ಬಾಣಂತಿ ಸತ್ತರೆ ದೆವ್ವವಾಗುತ್ತಾಳೆಂಬ ಭಯ ಮನೆಯವರಿಗೆ. ಅವಳ ಹೆಸರೆತ್ತಲಿಲ್ಲ, ಮಹಾಲಯದಲ್ಲಿ ಹಿರಿಯರ ಸಾಲಿನಲ್ಲಿ ಅವಳಿಗೆ ಎಡೆಯನ್ನೂ ಇಡಲಿಲ್ಲ. ಸಾಕಿದ ಸೋದರತ್ತೆ ಹೂವಮ್ಮನ ಹೆಸರೇ ಶಾಲೆಯಲ್ಲೂ ಪಾಸ್‌ಪೋರ್ಟಿನಲ್ಲೂ ತಾಯಿಯ ಹೆಸರಾಯಿತು. ಕೇಳಿದರೆ ಅಪ್ಪ ಮಂಜುನಾಥಪ್ಪ ಎದ್ದು ಹೊರಗೆ ಹೋಗುತ್ತಿದ್ದ. "ಸುಮ್ನಿರೆ, ಹೆಸ್ರು ಕರೆದ್ರೆ ಬಂದ್‌ಬಿಡ್ತಾಳೆ" ಎಂದು ಹೂವಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ನರ್ಸಿಂಗ್ ಕಲಿತ ಸುಚಿತ್ರಾ ಜೆರುಸಲೇಮಿನಲ್ಲಿ ರೂತ್ ಎಂಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಒಂದು ದಿನ ಅಜ್ಜಿ, ರಾಹೇಲಳ ಗೋರಿಗೆ ಕರೆದುಕೊಂಡು ಹೋಗು ಎಂದಳು. ಗೋರಿಗೆ ಹೋಗಿಬಂದರೆ ತಲೆಗೆ ಸ್ನಾನ ಮಾಡಬೇಕಲ್ಲಪ್ಪಾ ಎಂದು ಗೊಣಗುತ್ತಲೇ ಸುಚಿತ್ರಾ ಗಾಲಿಕುರ್ಚಿ ತಳ್ಳಿದಳು. ಒಳಗೆ ನೋಡಿದರೆ ಹೆಂಗಸರೋ ಹೆಂಗಸರು! ಬಟ್ಟೆ ಹೊದಿಸಿದ ಗೋರಿಗೆ ಹಣೆ ಹಚ್ಚಿ ಅಳುತ್ತಿದ್ದಾರೆ, ಮಕ್ಕಳನ್ನು ಬೇಡುತ್ತಿದ್ದಾರೆ. ತನ್ನೂರ ಕಡೆಯ ವರದಹಳ್ಳಿಯಲ್ಲಿರುವಂತೆ ಇದೂ ಯಾರೋ ದೊಡ್ಡ ಸನ್ಯಾಸಿನಿಯ ಸಮಾಧಿಯಾ ಎಂದು ಅಜ್ಜಿಯನ್ನು ಕೇಳಿದಳು.

"ಸನ್ಯಾಸಿನಿಯಲ್ಲಮ್ಮ," ಎಂದಳು ಅಜ್ಜಿ. "ಸಾವಿರಾರು ವರ್ಷದ ಹಿಂದೆ ಪ್ರಯಾಣದಲ್ಲಿ ಹೆರಿಗೆಯಾಗಿ ಸತ್ತವಳು. ದಾರಿಯಲ್ಲೇ ಹೂಳಿದರು. ಈಗ ನಮಗೆಲ್ಲ ಅವಳೇ ತಾಯಿ. ನಿನಗೋಸ್ಕರವೂ ಬೇಡಿಕೊಳ್ಳುತ್ತೇನೆ, ನಿನ್ನಮ್ಮನ ಹೆಸರು ಹೇಳು. ನಮ್ಮಲ್ಲಿ ಇಂಥವಳ ಮಗಳು ಅಂತಲೇ ಹೇಳಬೇಕು."

ಸುಚಿತ್ರಾ ಮೊಬೈಲ್ ತೆಗೆದಳು. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದಳು.

"ಅಮ್ಮನ ಹೆಸ್ರೇನಪ್ಪಾ?"

ಈ ಸಲ ಅಪ್ಪ ಎದ್ದು ಹೋಗಲಿಲ್ಲ. "ಬಂಗಾರಮ್ಮ ಕಣವ್ವ" ಎಂದವನೇ ಗೊಳೋ ಎಂದು ಅತ್ತ. ಪಾಪ, ಎಷ್ಟು ವರ್ಷದಿಂದ ಹಿಡಿದಿಟ್ಟುಕೊಂಡಿದ್ದನೋ.

ಮುಂದಿನ ಮಹಾಲಯಕ್ಕೆ ರಜೆ ಹಾಕಿ ಬಂದ ಸುಚಿತ್ರಾ, ಎಡೆಯ ಸಾಲಿನ ಕೊನೆಗೆ ಇನ್ನೊಂದು ಬಾಳೆಲೆ ಹಾಸಿದಳು. ಅದು ಯಾರದೆಂದು ಹೂವಮ್ಮನಿಗೆ ಹೇಳಬೇಕಾಗಿರಲಿಲ್ಲ.

"ಅಯ್ಯೋ ಮಾರಾಯ್ತಿ, ಹುಚ್ಚೇನೆ ನಿಂಗೆ? ಎಡೆ ಇಟ್ರೆ ಅವ್ಳು ಈ ಮನೆ ಬಿಟ್ಟು ಹೋಗಲ್ಲ!"

"ಹೋಗೋದು ಬ್ಯಾಡ ಅತ್ತೆ. ಇರ್ಲಿ."

ಅಕ್ಕನೆದುರು ಎಂದೂ ಬಾಯಿ ತೆರೆಯದ ಮಂಜುನಾಥಪ್ಪ ಅನ್ನದ ಪಾತ್ರೆ ಎತ್ತಿಕೊಂಡು, ನೇರ ಆ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಡಿಸಿದ. "ಬಂಗಾರಮ್ಮಾ, ಮಗ್ಳು ಕರೀತಾಳೆ. ಉಣ್ಣು ಬಾ."

ಹೂವಮ್ಮ ಸಿಡುಕುತ್ತಾ ಒಳಗೆ ಹೋದಳು. ಕೋಪ ಮಾಡಿಕೊಂಡಳೆಂದೇ ಎಲ್ಲರೂ ತಿಳಿದರು. ಅವಳು ಉಪ್ಪಿನಕಾಯಿಯ ಭರಣಿ ಹಿಡಿದು ಹೊರಬಂದು, ಕೊನೆಯ ಎಲೆಯ ತುದಿಗೆ ಒಂದು ಮಾವಿನಮಿಡಿ ಹಾಕಿದಳು.

"ಮಿಡಿ ಇಲ್ದೆ ಒಂದ್ ತುತ್ತೂ ಉಣ್ತಿರ್ಲಿಲ್ಲ ಅವ್ಳು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.