ನನ್ನ ರಕ್ತದ ಇಂಜೆಕ್ಷನ್, ಅತ್ತೆಯ ಗುಳಿಗೆ

ಮೊದಲು ಕಂಡದ್ದು ಸೀಟಿಯ ಮೇಲೆ. ನವಲಗುಂದ ತಾಲ್ಲೂಕಿನ ಹಳ್ಳಿಗಳಿಗೆ ಓಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ತಿರ್ಲಾಪುರದಲ್ಲಿ ಜನರನ್ನು ಇಳಿಸಿ, ಸೀಟಿ ಊದಿ, ಬಾಯಿಂದ ತೆಗೆದೆ. ತುದಿ ಕೆಂಪಾಗಿತ್ತು.

ರಕ್ತ.

ನೋವು ಹೊಸದೇನಲ್ಲ. ನನ್ನ ಮೇಲಿನ ಹಲ್ಲು ಮುಂದಕ್ಕೆ ಚಾಚಿವೆ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಅವುಗಳ ಹಿಂದಿನ ವಸಡಿಗೆ ಚುಚ್ಚುತ್ತವೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದೆ. ಮೂವತ್ನಾಲ್ಕರ ವಯಸ್ಸಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡರೆ ಪ್ಯಾಸೆಂಜರುಗಳು ನಗುತ್ತಾರೆಂದು ಮುಂದೂಡುತ್ತ ಬಂದಿದ್ದೆ.

ಹುಬ್ಬಳ್ಳಿಯ ಹಲ್ಲಿನ ಡಾಕ್ಟರ್ ಮೇಡಂ ಎಕ್ಸ್-ರೇಯನ್ನು ಬಹಳ ಹೊತ್ತು ನೋಡಿದರು.

"ವಸಡು ಹರಕೊಂಡು ಹೊಂಟೈತ್ರಿ. ಹಿಂಗ ಬಿಟ್ರ ಮುಂದಿನ ನಾಕು ಹಲ್ಲು ಉಳಿಯಂಗಿಲ್ಲ."

ಮನೆಗೆ ಬಂದು ಅತ್ತೆಯ ಮುಂದೆ ಅತ್ತುಬಿಟ್ಟೆ.

ಮತ್ತೆ ಹೋದಾಗ ಮೇಡಂ ದಾರಿ ಹೇಳಿದರು: ಮೇಲೆ ಎರಡೂ ಕಡೆ ಒಂದೊಂದು ಹಲ್ಲು ಕಿತ್ತು, ಆ ಸಂದಿಗೆ ಕೋರೆಹಲ್ಲನ್ನು ಸ್ಪ್ರಿಂಗಿನಿಂದ ಎಳೆದು, ಆಮೇಲೆ ಮುಂದಿನ ನಾಲ್ಕನ್ನು ಹಿಂದಕ್ಕೆ ತರಬೇಕು. ಅಷ್ಟು ದಿನ ವಸಡು ತಾಳಬೇಕಲ್ಲ, ಅದೇ ಚಿಂತೆ.

"ಹಲ್ಲು ಲಗೂನ ಸರಿಯಾಕ ನಿಮ್ಮ ರಕ್ತಾನ ತಗದು ವಸಡಿಗೆ ಇಂಜೆಕ್ಷನ್ ಕೊಡಬಹುದ್ರಿ," ಎಂದರು ಮೇಡಂ. "ಕೆಲವ್ರಿಗೆ ಫರಕ್ ಆಗೈತಿ, ಕೆಲವ್ರಿಗೆ ಆಗಿಲ್ಲ. ಖಾತ್ರಿ ಕೊಡಂಗಿಲ್ಲ."

ಖಾತ್ರಿ ಕೊಡದ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಹಲ್ಲು ಕಿತ್ತು ತಂತಿ ಹಾಕಿದ ಮೇಲೆ, ತೋಳಿನಿಂದ ತೆಗೆದ ರಕ್ತವನ್ನು ಟ್ಯೂಬಿಗೆ ತುಂಬಿ ಮಷಿನ್ನಿನಲ್ಲಿ ಗರಗರ ತಿರುಗಿಸಿದರು. ಹೊರಬಂದಾಗ ಕೆಂಪೆಲ್ಲ ತಳಕ್ಕಿಳಿದು, ಮೇಲೆ ಕುಸುಬೆ ಎಣ್ಣೆಯಂಥ ಹಳದಿ ನೀರು ನಿಂತಿತ್ತು. ಅದು ಹೆಪ್ಪುಗಟ್ಟುವ ಮೊದಲು ಚುಚ್ಚಬೇಕಂತೆ. ಕೋರೆಹಲ್ಲಿನ ಸುತ್ತ ಒಂದೊಂದೇ ಸೂಜಿ. ನಾನು ಕುರ್ಚಿಯ ಕೈ ಹಿಡಿದು ಕೂತೆ, ಅವರು ಎಲ್ಲೂ ತಡವರಿಸದೆ ಚುಚ್ಚಿ ಮುಗಿಸಿದರು. ನನ್ನದೇ ರಕ್ತ ನನಗೇ ಔಷಧವಾಗುವುದೆಂದರೆ! ಇದನ್ನು ಮೊದಲು ಯೋಚಿಸಿದವರಿಗೆ ಅಲ್ಲೇ ಮನಸ್ಸಿನಲ್ಲಿ ಕೈಮುಗಿದೆ.

"ನೋವಾದ್ರ ಪ್ಯಾರಾಸಿಟಮಾಲ್ ಅಷ್ಟ ನುಂಗ್ರಿ. ಬ್ಯಾರೆ ನೋವಿನ ಗುಳಿಗಿ ಹಲ್ಲು ಸರಿಯೂದನ್ನ ತಡೀತಾವು."

ತಲೆ ಅಲ್ಲಾಡಿಸಿ ಬಂದೆ. ಆದರೆ ನಮ್ಮ ಮನೆಯಲ್ಲಿ ಗುಳಿಗೆ ಡಬ್ಬಿ ಒಂದೇ. ಒಬ್ಬರಿಗೆ ಗುಣ ಕೊಟ್ಟ ಗುಳಿಗೆ ಎಲ್ಲರಿಗೂ ನಡೆಯುತ್ತದೆ. ಮರುದಿನ ದವಡೆ ಹಿಡಿದು ಕೂತಿದ್ದಾಗ ಅತ್ತೆ ತಮ್ಮ ಮೊಣಕಾಲು ನೋವಿನ ಗುಳಿಗೆ ತಂದರು.

"ಇದನ್ನ ನುಂಗು ನೀಲಾ. ನನಗ ಅಗದಿ ಛಲೋ ಆಗೈತಿ."

ನುಂಗಿದೆ. ನೋವು ಹೋಯಿತು. ಹೋದದ್ದಕ್ಕೆ ಖುಷಿಪಟ್ಟು ದಿನಾ ನುಂಗಿದೆ.

ತಿಂಗಳಾದ ಮೇಲೆ ಮೇಡಂ ಸಂದಿ ಅಳೆದರು. ಮತ್ತೊಮ್ಮೆ ಅಳೆದರು.

"ಭಾಳ ಸರಿದಿಲ್ಲಲ್ರಿ. ಬ್ಯಾರೆ ಗುಳಿಗಿ ಏನರ ತೊಗೊಂಡ್ರೇನು?"

ಜೊತೆಗೆ ಬಂದಿದ್ದ ಅತ್ತೆ ಎದ್ದು ನಿಂತರು.

"ನಾನ ಕೊಟ್ಟೇನ್ರಿ. ತಪ್ಪು ನಂದು. ಆಕಿ ಹಲ್ಲು ಹೋದ್ರ ನನ್ನವು ಕಿತ್ತು ಹಚ್ರಿ."

ಅತ್ತೆಯ ಬಾಯಲ್ಲಿ ಉಳಿದಿರುವುದೇ ಮೂರು ಹಲ್ಲು. ಮೇಡಂ ಬೈಯಲಿಲ್ಲ. "ಖರೆ ಹೇಳಿದ್ರಲ್ಲ, ಅಷ್ಟ ಸಾಕು," ಎಂದು ನಕ್ಕು, ಇನ್ನೊಂದು ತೋಳಿನಿಂದ ಮತ್ತೆ ರಕ್ತ ತೆಗೆದರು.

ಆ ಸಲ ನೋವನ್ನು ಪ್ಯಾರಾಸಿಟಮಾಲ್ ನುಂಗಿಯೇ ಕಳೆದೆ. ಅತ್ತೆ ತಮ್ಮ ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು, ನನಗೆ ನುಚ್ಚು-ಮಜ್ಜಿಗೆ ಕಲಸಿ ಕೊಟ್ಟರು. ನಾನು ಡ್ಯೂಟಿ ಮುಗಿಸಿ ಬಂದ ಕೂಡಲೇ ಸೀಟಿ ಇಸಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡುವುದು ಅವರ ಕೆಲಸವಾಯಿತು.

ಸಂದಿ ಮುಚ್ಚುತ್ತ ಬಂತು, ಮೇಡಂ ಅಂದುಕೊಂಡದ್ದಕ್ಕಿಂತ ಬೇಗ. ಮುಂದಿನ ಹಲ್ಲು ಹಿಂದೆ ಸರಿಯತೊಡಗಿದವು. ಇಂಜೆಕ್ಷನ್ನಿನಿಂದಲೋ, ಗುಳಿಗೆ ಬಿಟ್ಟದ್ದರಿಂದಲೋ ಎಂದು ಕೇಳಿದೆ. "ನನಗೂ ಪಕ್ಕಾ ಗೊತ್ತಿಲ್ರಿ," ಎಂದರು. ಅಷ್ಟು ಓದಿದವರು ಇಷ್ಟು ಸರಳವಾಗಿ ಹಾಗೆನ್ನುವುದನ್ನು ನಾನು ಕೇಳಿರಲಿಲ್ಲ.

ತಂತಿ ಇನ್ನೂ ಇದೆ, ತೆಗೆಯಲು ಇನ್ನೊಂದು ವರ್ಷವಾದರೂ ಬೇಕು. ನಾಲ್ಕೂ ಹಲ್ಲು ಗಟ್ಟಿಯಾಗಿವೆ, ಗಾಯ ಮಾಯ್ದಿದೆ. ಮೊನ್ನೆ ಅತ್ತೆ ಎಂದಿನಂತೆ ಸೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸ್ವಚ್ಛ ಐತಿ. ಇವತ್ತ ರೊಟ್ಟಿ ನೆನಸಬ್ಯಾಡ. ಸಣ್ಣಗ ಮುರಕೊಂಡು ಹಂಗ ತಿನ್ನು."

ತಾಟಿಗೆ ಬಿಸಿ ರೊಟ್ಟಿ ಹಾಕಿದರು. ತಮ್ಮ ರೊಟ್ಟಿಯನ್ನು ಸಾರಿನಲ್ಲಿ ನೆನೆಯಲು ಬಿಟ್ಟು, ನಾನು ಅಗಿಯುವುದನ್ನೇ ನೋಡುತ್ತ ಕುಳಿತರು.